ರುದ್ರೇಶಣ್ಣ ಕಟ್ಟಿದ ಕಾಗದದ ಜಗಲಿ

ನಂಬಲು ಆಗುತ್ತಿಲ್ಲ...
ಮಧುಗಿರಿಯಿಂದ ಫೋನ್ ಬಂದಾಗ "ಯಾವ ರುದ್ರೇಶ?" ಎಂದು ಕೇಳಿದೆ.
ನನಗೆ ಗೊತ್ತಿರುವ ರುದ್ರೇಶ ಒಬ್ಬರೇ. ಆದರೂ ಕೇಳಿದೆ...

ಕೋರ್ಟ್ ರಸ್ತೆಯಲ್ಲಿ ಲಗ್ನಪತ್ರಿಕೆ ಪ್ರಿಂಟ್ ಮಾಡುತ್ತಿದ್ದ ನಮ್ಮ ರುದ್ರೇಶಣ್ಣ ಇನ್ನಿಲ್ಲ.
ಮಧ್ಯಾಹ್ನ ಹೊಟ್ಟೆ ತುಂಬ ಮುದ್ದೆ ಉಂಡು, ಅಂಗಡಿಯ ಕುರ್ಚಿಯಲ್ಲೇ ಸ್ವಲ್ಪ ಒರಗಿದರಂತೆ.
ಮತ್ತೆ ಏಳಲಿಲ್ಲ...
ನರಳಾಟವಿಲ್ಲ, ಆಸ್ಪತ್ರೆಯಿಲ್ಲ. ಪುಣ್ಯವಂತರು.

ಫ್ರೆಂಡ್ಸ್,
ನಿಮ್ಮಲ್ಲಿ ಬಹಳ ಜನಕ್ಕೆ ಅವರು ಲಗ್ನಪತ್ರಿಕೆ ರುದ್ರೇಶಣ್ಣ.
ನನಗೂ ಕಡಲೆಕಾಯಿ ಮಂಡಿಯ ಮೆಹಬೂಬ್ ಭಾಯ್‌ಗೂ ಅವರು ಬೇರೆಯೇ ಆಸಾಮಿ.

ಶಿರಾದಲ್ಲಿ ನನ್ನ ಕನ್ನಡಕದ ಅಂಗಡಿಯ ಮಹಡಿ ಮೇಲೆ ಒಂದು ದೊಡ್ಡ ಟೇಬಲ್ ಇದೆ.
ಭಾನುವಾರ ನಾವು ಮೂವರು ಅಲ್ಲಿ ಯುದ್ಧ ಮಾಡುತ್ತೇವೆ. ನಗಬೇಡಿ...
ಬೆರಳ ಗೆಣ್ಣಿನಷ್ಟು ಎತ್ತರದ ಬೊಂಬೆ ಸೈನಿಕರು, ದಾಳ, ದೂರ ಅಳೆಯಲು ದರ್ಜಿಯ ಟೇಪು.
ಯುದ್ಧ ನಡೆಯುವ ಊರು ಮಾತ್ರ ಪೂರಾ ಕಾಗದದ್ದು.
ಆ ಊರು ಕಟ್ಟಿದವರು ರುದ್ರೇಶಣ್ಣ.

ಕಂಪ್ಯೂಟರಿನಲ್ಲಿ ಮನೆ ಬಿಡಿಸುವುದು, ಪ್ರಿಂಟ್ ತೆಗೆಯುವುದು, ಕತ್ತರಿಸಿ, ಮಡಚಿ, ಅಂಟಿಸಿ ನಿಲ್ಲಿಸುವುದು...
ಆಮೇಲೆ ಆ ಫೈಲನ್ನು ನೆಟ್ಟಿಗೆ ಹಾಕುವುದು. ಯಾವ ದೇಶದವರಾದರೂ ಪ್ರಿಂಟ್ ಹಾಕಿಕೊಂಡು ಆಡಲಿ ಎಂದು.
ತಪ್ಪಾಗಿ ಅಚ್ಚಾದ ಲಗ್ನಪತ್ರಿಕೆಗಳ ಹಿಂಬದಿಯೇ ಅವರ ಇಟ್ಟಿಗೆ, ಗಾರೆ.
ಇವತ್ತಿಗೂ ನಮ್ಮ ಟೇಬಲ್ಲಿನ ಯಾವ ಮನೆಯ ಚಾವಣಿ ಎತ್ತಿದರೂ ಒಳಗೆ ಯಾರದ್ದೋ ಮದುವೆ...

ಗೋಡೆಗಳನ್ನು ಸುಮ್ಮನೆ ಬಿಡಿಸುತ್ತಿರಲಿಲ್ಲ. ನಿಜವಾದ ಗೋಡೆಯ ಫೋಟೋನೇ ಬೇಕು.
ಅದಕ್ಕೆ ಬೈಕ್ ಹತ್ತಿ ಊರೂರು ಸುತ್ತುತ್ತಿದ್ದರು. ಹಿಂದೆ ನಾನು.
ಕೊರಟಗೆರೆ ಕಡೆ ಒಂದು ಹಳ್ಳಿಯಲ್ಲಿ, ಮಳೆನೀರಿನ ಕಲೆ ಇಳಿದ ಹಳೇ ಗೋಡೆ ಕಂಡು ಅಣ್ಣನಿಗೆ ಜೀವವೇ ಬಂದಂತಾಯಿತು.
ಮೊಬೈಲ್ ತೆಗೆಯುವಷ್ಟರಲ್ಲಿ ಆ ಮನೆಯ ಅಜ್ಜಿ ಅಡ್ಡ ನಿಂತರು.
"ತಡಿಯಪ್ಪ... ಇಂಗೆ ಗಲೀಜಾಗಿರೋ ಗೋಡೆ ಫೋಟಾ ಹಿಡ್ಕೊಂಡೋದ್ರೆ ನಮ್ಮನೆ ಮರ್ವಾದೆ ಏನಾಯ್ತದೆ? ಸುಣ್ಣ ಬಳಿದಿಡ್ತೀನಿ, ಮುಂದಿನ್ವಾರ ಬಾ."
ಆ ಗಲೀಜೇ ಬೇಕು ಎಂದು ಹೇಳಲು ಅಣ್ಣನಿಗೆ ಬಾಯಿ ಬರಲಿಲ್ಲ.
ಮುಂದಿನ ವಾರ ಹೋದರೆ ಗೋಡೆ ಬೆಳ್ಳಗೆ ಫಳಫಳ. ಕೆಳಗೆ ಕೆಮ್ಮಣ್ಣಿನ ಪಟ್ಟೆ ಬೇರೆ.
ನಾನು ನಕ್ಕೆ. ಅಣ್ಣ ಅದರದೇ ಫೋಟೋ ತೆಗೆದುಕೊಂಡರು.
"ನಮಗೋಸ್ಕರ ಬಳಿದವ್ರೆ ಕಣ್ಲಾ" ಅಂದರು, ಅಷ್ಟೇ.
ನಮ್ಮ ಕಾಗದದ ಊರಲ್ಲಿ ಅದಕ್ಕೆ ಅಜ್ಜಿ ಮನೆ ಎಂದೇ ಹೆಸರು. ಕೋಟೆ ಬಾಗಿಲ ಪಕ್ಕದಲ್ಲೇ ಇದೆ.

ಅಣ್ಣ...
ನಿಮ್ಮ ಮನೆಗಳಿಗೆಲ್ಲ ಜಗಲಿ ಇರಲೇಬೇಕಿತ್ತು, ನೆನಪಿದೆಯಾ?
ಜಾಗ ತಿನ್ನುತ್ತದೆ, ತೆಗೆಯಿರಿ ಎಂದು ಎಷ್ಟು ಗೋಗರೆದಿದ್ದೇನೆ.
"ಜಗಲಿ ಇಲ್ದಿರ ಮನೆಗೆ ಯಾರ್ಲಾ ಬತ್ತಾರೆ?" ಎಂದು ನನ್ನ ಬಾಯಿ ಮುಚ್ಚಿಸಿದಿರಿ.

ಒಂದು ಸಲ ಮೆಹಬೂಬ್ ಭಾಯ್ ಜಗಲಿಯ ಮೇಲಿದ್ದ ನಿಮ್ಮ ಸೈನಿಕನಿಗೆ ಬಾಣ ಬಿಟ್ಟರು.
ನಿಮಗೆ ನಿಜವಾಗಲೂ ಸಿಟ್ಟು ಬಂದಿದ್ದು ನಾನು ನೋಡಿದ್ದು ಅದೊಂದೇ ಸಲ.
"ಜಗಲಿ ಮೇಲೆ ಕೂತೋರಿಗೆ ಹೊಡೀತಾರೇನ್ರೀ ಭಾಯ್? ನೀರು ಬೇಕಾ ಅಂತ ಕೇಳ್ತಾರೆ."
ಅವತ್ತಿಂದ ಅದೇ ರೂಲ್. ಜಗಲಿ ಮೇಲೆ ಕೂತವನಿಗೆ ಹೊಡೆಯುವಂತಿಲ್ಲ.
ಫೈಲಿನ ಜೊತೆ ಆ ರೂಲನ್ನೂ ನೆಟ್ಟಿಗೆ ಹಾಕಿದಿರಿ.
ಪೋಲೆಂಡಿನ ಯಾರೋ ಮೇಲ್ ಮಾಡಿ, ಹಾಗಾದರೆ ಆಟ ಮುಗಿಯುವವರೆಗೂ ಅಲ್ಲೇ ಕೂರಬಹುದಾ ಎಂದು ಕೇಳಿದ.
ನೀವು ಒಂದು ದಿನ ಪೂರ್ತಿ ಯೋಚಿಸಿ ಉತ್ತರ ಬರೆದಿರಿ. ಒಂದು ಸರದಿ ಕೂರಬಹುದು. ನೀರು ಕುಡಿದ ಮೇಲೆ ಏಳಬೇಕು.

ಹೋದ ಭಾನುವಾರದ ಆಟ ಅರ್ಧಕ್ಕೆ ನಿಂತಿದೆ ಅಣ್ಣ...
ನಿಮ್ಮ ಕಡೆ ಉಳಿದಿರುವುದು ದಳವಾಯಿ ಒಬ್ಬನೇ. ಅವನು ಕೋಟೆ ಬಾಗಿಲು ಮುಟ್ಟಿದರೆ ನೀವು ಗೆದ್ದಿರಿ.
ಇಷ್ಟು ವರ್ಷದಲ್ಲಿ ನನ್ನ ಮೇಲೆ ಒಂದು ಆಟವನ್ನೂ ಗೆದ್ದವರಲ್ಲ ನೀವು.
ದಳವಾಯಿಯನ್ನು ಅಜ್ಜಿ ಮನೆಯ ಜಗಲಿ ಮೇಲೆ ಕೂರಿಸಿದಿರಿ. ಎದುರಿಗೆ ಬುರುಜಿನ ಮೇಲೆ ನನ್ನ ಬಿಲ್ಲುಗಾರರು ಕಾದಿದ್ದರು.
ಅಷ್ಟರಲ್ಲಿ ಮಧುಗಿರಿ ಬಸ್ಸಿನ ಹೊತ್ತಾಯಿತು.
"ಲೇ ಮಂಜ, ಇಂಗೇ ಮುಚ್ಚಿಡು. ಬರೋ ಭಾನ್ವಾರ ಎದ್ದು ಬಾಗ್ಲು ಮುಟ್ತೀನಿ ನೋಡು."

ಇವತ್ತು ಸಂಜೆ ಮೆಹಬೂಬ್ ಭಾಯ್ ಮಹಡಿಗೆ ಬಂದರು.
ಇಬ್ಬರೂ ಸೇರಿ ಟೇಬಲ್ ಮೇಲಿನ ಬೆಡ್‌ಶೀಟ್ ಸರಿಸಿದೆವು.
ದಳವಾಯಿ ಕೂತೇ ಇದ್ದ...
"ಏನ್ ಮಾಡೋದು ಮಂಜಣ್ಣ? ಗೆಲ್ಲಿಸ್ಬುಡೋಣ್ವಾ?"
"ಬ್ಯಾಡ ಭಾಯ್. ಬಿಟ್ಟುಕೊಟ್ಟಿದ್ದು ಗೊತ್ತಾದ್ರೆ ಅಣ್ಣ ನಮ್ಮನ್ನ ಮಾತಾಡ್ಸಲ್ಲ."
ಹಾಗಂತ ಏಳಿಸಿ ಹೊಡೆಯಲೂ ಕೈ ಬರಲಿಲ್ಲ.
ನನ್ನ ಬಿಲ್ಲುಗಾರರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಡಬ್ಬಿಗೆ ಹಾಕಿದೆ.
ಭಾಯ್ ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ನೀರು ತಂದು, ಜಗಲಿಗೆ ತಾಗದಂತೆ ಮೆಲ್ಲಗೆ ಇಟ್ಟರು.
"ಚೆಲ್ಲಿದ್ರೆ ಬೈತಾರೆ. ಪೇಪರ್ ಕಣ್ರೀ ಅಂತಾರೆ" ಅಂದರು. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ಅತ್ತೆವು.

ನಾಳೆ ಬೆಳಿಗ್ಗೆ ಅವರ ಹೊಲದಲ್ಲಿ ಮಣ್ಣು. ನಾವಿಬ್ಬರೂ ಹೋಗುತ್ತಿದ್ದೇವೆ, ಬರುವವರು ಬನ್ನಿ.
ಆ ಟೇಬಲ್ ಇನ್ನು ಹಾಗೇ ಇರುತ್ತದೆ.

ಹೋಗಿ ಬನ್ನಿ ರುದ್ರೇಶಣ್ಣ...
ನಿಮ್ಮ ಜೀವಕ್ಕೆ ನೆರಳಿರಲಿ, ತಂಪಿರಲಿ.
ನೀರು ಇಟ್ಟಿದ್ದೇವೆ. ಈ ಸಲ ಕುಡಿದ ಮೇಲೂ ಏಳಬೇಕಾಗಿಲ್ಲ.