ಬೊಗ್ಗುವನ್ನು ಡೇಕೇರಿಗೆ ಬಿಟ್ಟು ಬಂದದ್ದು

ಲಿಫ್ಟಿನ ಬಾಗಿಲು ತೆರೆದಾಗ ಮೊದಲು ಹೊರಗೆ ಬಂದದ್ದು ವಾಸನೆ. ನಾಯಿಗೆ ಶಾಂಪೂ ಹಾಕಿ ಮೀಯಿಸಿ, ಅರೆಬರೆ ಒರೆಸಿ ಬಿಟ್ಟಾಗ ಬರುವ ವಾಸನೆ; ಒಮ್ಮೆ ನಾಯಿ ಸಾಕಿದವರ ಮೂಗಿಗೆ ಅದು ಮರೆತುಹೋಗುವುದಿಲ್ಲ. ಅದರ ಹಿಂದೆ ಒಂದು ಮರಿ, ಮರಿಯ ಹಿಂದೆ ನಿಶಾಂತ್. ನಮ್ಮ ಕಟ್ಟಡಕ್ಕೆ ಹೊಸಬ, ಮಂಗಳೂರಿನ ಹುಡುಗ, ಮದುವೆಯಾಗಿ ಇನ್ನೂ ವರ್ಷವಾಗಿಲ್ಲ. ಮರಿ ನನ್ನ ತರಕಾರಿ ಚೀಲ ಮೂಸುತ್ತಿದ್ದಾಗ ಅವನು ಕೇಳಿದ: "ಅಂಕಲ್, ನಿಮ್ಮಲ್ಲಿ ಮೊದಲು ನಾಯಿ ಇತ್ತಂತೆ. ನಾವಿಬ್ಬರೂ ಡ್ಯೂಟಿಗೆ ಹೋಗುದಲ್ವಾ, ಇದನ್ನು ಡೇಕೇರಿಗೆ ಹಾಕುವ ಅಂತ ಉಂಟು. ಅಲ್ಲಿ ಎಂತೆಲ್ಲ ಆಗ್ತದೆ?"

ಸಂಜೆ ಮನೆಗೆ ಬಾ, ಹೇಳುತ್ತೇನೆ ಅಂದೆ. ಅವನಿಗೆ ಹೇಳುವ ಮೊದಲು ನಿಮ್ಮ ಹತ್ತಿರ ಒಮ್ಮೆ ಹೇಳಿ ನೋಡುತ್ತೇನೆ.

ನಾಯಿಯನ್ನು ಬೆಳಿಗ್ಗೆ ಒಂದು ಕಡೆ ಬಿಟ್ಟು ಸಂಜೆ ಕರೆತರುವ ವಿಚಾರ ನನ್ನಂಥವನ ತಲೆಗೆ ತಾನಾಗಿ ಹೊಳೆಯುವಂಥದ್ದಲ್ಲ. ಉಡುಪಿಯ ನಮ್ಮ ಮನೆಯಲ್ಲಿ ನಾಯಿಯೆಂದರೆ ಅಂಗಳದ ಪ್ರಾಣಿ. ಅದಕ್ಕೆ ತೋಚಿದಾಗ ಬೊಗಳುತ್ತಿತ್ತು, ನಮಗೆ ನೆನಪಾದಾಗ ಗಂಜಿ ಹಾಕುತ್ತಿದ್ದೆವು, ಉಳಿದ ಹೊತ್ತು ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು. ದುಬೈಗೆ ಬಂದ ಮೇಲೆ ನಾಯಿ ಸಾಕಬೇಕೆಂಬ ಆಸೆ ನನಗೂ ಇರಲಿಲ್ಲ, ನನ್ನ ಹೆಂಡತಿ ವಸಂತಿಗೂ ಇರಲಿಲ್ಲ. ಮೇಲಿನ ಮಹಡಿಯಲ್ಲಿ ಒಬ್ಬ ಇಂಗ್ಲಿಷಿನವನಿದ್ದ. ಕೆಲಸ ಹೋಯಿತಂತೆ, ಒಂದು ಬೆಳಿಗ್ಗೆ ಸೂಟ್‌ಕೇಸ್ ಎಳೆದುಕೊಂಡು ಹೊರಟುಹೋದ. ಅದು ಆರ್ಥಿಕ ಕುಸಿತದ ಕಾಲ, ಅಂಥವರು ಬಹಳ ಮಂದಿ. ಸಾಲ ತೀರಿಸಲಾಗದೆ ಕಾರನ್ನು ಏರ್‌ಪೋರ್ಟಿನಲ್ಲಿ ಬಿಟ್ಟು ಹೋಗುತ್ತಿದ್ದರು. ಇವನು ಕಾರಿನ ಬದಲು ನಾಯಿಯನ್ನು ಬಿಟ್ಟಿದ್ದ, ಅದೂ ಬೀಗ ಹಾಕಿದ ಫ್ಲ್ಯಾಟಿನೊಳಗೆ. ವಾಚ್‌ಮನ್ ಬಾಗಿಲು ತೆಗೆಸಿದಾಗ ಅದು ಬಾಗಿಲಿಗೆ ಮುಖ ಮಾಡಿಕೊಂಡೇ ಕೂತಿತ್ತಂತೆ, ಬೊಗಳುವ ತ್ರಾಣವೂ ಇರಲಿಲ್ಲವಂತೆ. ನಾಲ್ಕು ದಿನ ಇಟ್ಟುಕೊಳ್ಳಿ ಸಾರ್ ಎಂದು ನಮ್ಮಲ್ಲಿ ತಂದುಬಿಟ್ಟ. ಆ ನಾಲ್ಕು ದಿನ ಎಷ್ಟೋ ವರ್ಷ ಎಳೆಯಿತು.

ಲಸಿಕೆಯ ಕಾರ್ಡಿನಲ್ಲಿ ಅದರ ಹೆಸರು ಆರ್ಚಿಬಾಲ್ಡ್. ಅಷ್ಟುದ್ದ ಹೆಸರು ಕರೆಯುವಷ್ಟರಲ್ಲಿ ಹಾಕಿದ ಅನ್ನ ಆರಿಹೋಗುತ್ತದೆ ಎಂದು ವಸಂತಿ ಅದಕ್ಕೆ ಬೊಗ್ಗು ಎಂದು ಹೆಸರಿಟ್ಟಳು. ನಮ್ಮ ಕಡೆ ಪ್ರತಿ ಎರಡನೇ ಮನೆಯ ನಾಯಿಯ ಹೆಸರು ಅದು. ಹೊಂಬಣ್ಣದ ಕೂದಲಿನ, ದೊರೆಯಂತೆ ನಡೆಯುವ ನಾಯಿ ಆ ಹೆಸರಿಗೆ ಎರಡೇ ದಿನದಲ್ಲಿ ಬಾಲ ಅಲ್ಲಾಡಿಸಲು ಕಲಿತಿತು. ಕುಚ್ಚಲಕ್ಕಿ ಅನ್ನಕ್ಕೆ ಒಗ್ಗಲು ಒಂದೇ ದಿನ ಸಾಕಾಯಿತು.

ಡೇಕೇರಿನ ಸಂಗತಿ ಹುಟ್ಟಿದ್ದು ವಸಂತಿಗೆ ಕೆಲಸ ಸಿಕ್ಕಿದಾಗ. ಊರಿನಲ್ಲಿ ಟೀಚರಾಗಿದ್ದವಳು ಮದುವೆಯಾಗಿ ನನ್ನ ವೀಸಾದಲ್ಲಿ ಬಂದು, ಮನೆಯಲ್ಲಿ ಕೂತು, ಅರ್ಜಿ ಹಾಕಿ ಹಾಕಿ ಸಾಕಾಗಿ ಬಿಟ್ಟಿದ್ದಳು. ಆಗ ಒಂದು ಶಾಲೆಯಿಂದ ಕರೆ ಬಂತು. ನಾನು ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತಿ ಜೆಬೆಲ್ ಅಲಿಯ ಗೋಡೌನಿಗೆ ಹೋಗುವವನು. ಅವಳೂ ಹೊರಟರೆ ಬೊಗ್ಗು ಸಂಜೆಯವರೆಗೆ ಒಬ್ಬನೇ, ಮತ್ತೆ ಬೀಗ ಹಾಕಿದ ಫ್ಲ್ಯಾಟಿನೊಳಗೆ. ಶಾಲೆ ಶುರುವಾಗಲು ಒಂದು ವಾರವಿತ್ತು. ಹಾಗಾಗಿ ನಾನು ರಜೆ ಹಾಕಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿ, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಒಂದು ಡೇಕೇರ್ ಗೊತ್ತುಮಾಡಿದೆವು. ರಜೆ ಯಾಕೆ ಎಂದು ಮ್ಯಾನೇಜರ್ ಕೇಳಿದ್ದಕ್ಕೆ ಡೇಕೇರಿಗೆ ಸೇರಿಸಲಿಕ್ಕುಂಟು ಅಂದೆ. ಅವರು ಎದ್ದು ಬಂದು ಕೈಕುಲುಕಿ, ಗಂಡೋ ಹೆಣ್ಣೋ ಎಂದರು. ಗಂಡು ಅಂದೆ, ಅದು ನಿಜವೇ ಆಗಿತ್ತು.

ಜಾಗ ನೋಡಿ ನನಗೆ ನಗು ಬಂತು. ಅದೂ ಗೋಡೌನೇ. ಒಂದು ಬದಿಗೆ ಪ್ಲೈವುಡ್ಡಿನವರು, ಇನ್ನೊಂದು ಬದಿಗೆ ಬಿಸ್ಕತ್ತಿನ ಕಾರ್ಖಾನೆ. ಒಳಗೆ ಎಸಿ, ನೆಲಕ್ಕೆ ರಬ್ಬರು, ಫಿನಾಯಿಲಿನ ವಾಸನೆ. ದೊಡ್ಡ ನಾಯಿಗಳಿಗೆ ಒಂದು ಕೋಣೆ, ಸಣ್ಣವಕ್ಕೆ ಇನ್ನೊಂದು. ಕೆಲವು ನಾಯಿಗಳು ಡೇಕೇರಿನ ವ್ಯಾನಿನಲ್ಲೇ ಬಂದು ಇಳಿಯುತ್ತಿದ್ದವು. ನಮ್ಮ ಕಂಪನಿ ಬಸ್ಸಿನಿಂದ ನಾವು ಇಳಿಯುವುದಕ್ಕಿಂತ ಹೆಚ್ಚು ಉತ್ಸಾಹದಿಂದ ಇಳಿಯುತ್ತಿದ್ದವು. ನಡೆಸುತ್ತಿದ್ದವಳು ಲಿಂಡಾ ಎಂಬ ದಕ್ಷಿಣ ಆಫ್ರಿಕಾದ ಹೆಂಗಸು. ಮಾತು ಕಡಿಮೆ, ನಿಯಮ ಜಾಸ್ತಿ. ಭಾನುವಾರದಿಂದ ಗುರುವಾರದವರೆಗೆ, ಅಂದರೆ ಇಲ್ಲಿಯ ಆಗಿನ ಕೆಲಸದ ವಾರವಿಡೀ, ನೋಡುವುದು. ಹೊಂದಿಕೊಂಡರೆ ಸರಿ, ಇಲ್ಲದಿದ್ದರೆ ಖಲಾಸ್ ಎಂದಳು. ಈ ದೇಶದಲ್ಲಿ ಯಾವ ದೇಶದವರಿಗೂ ಬೇಗ ಬಾಯಿಗೆ ಬರುವ ಅರಬಿ ಶಬ್ದ ಅದು.

ಮೊದಲ ದಿನ ನಾವು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ವಸಂತಿ ಸ್ಟೀಲ್ ಡಬ್ಬಿಯಲ್ಲಿ ಅನ್ನ, ಮುಳ್ಳು ತೆಗೆದ ಬೇಯಿಸಿದ ಬಂಗುಡೆ ಮೀನು ಕಟ್ಟಿಕೊಂಡು ಬಂದಿದ್ದಳು. ಮುಚ್ಚಳ ತೆರೆದದ್ದೇ ತಡ, ದೊಡ್ಡ ನಾಯಿಗಳ ಕೋಣೆಯೆಲ್ಲ ಬೇಲಿಯ ಹತ್ತಿರ ಬಂದು ನಿಂತಿತು. ಲಿಂಡಾ ಡಬ್ಬಿಯನ್ನು ಎರಡು ಬೆರಳಿನಲ್ಲಿ ಹಿಡಿದು ಫ್ರಿಜ್ಜಿಗೆ ಹಾಕಿದಳು. ಆಮೇಲೆ ಮುಖ್ಯ ನಿಯಮ ಹೇಳಿದಳು: ಬಿಟ್ಟು ಹೋಗುವಾಗ ನಾಯಿಯ ಹತ್ತಿರ ಏನೂ ಹೇಳಬಾರದು. ಮುದ್ದು ಮಾಡಬಾರದು, ತಿರುಗಿ ನೋಡಬಾರದು. ಹಗ್ಗ ಕೊಟ್ಟು, ಬೆನ್ನು ತಿರುಗಿಸಿ ನಡೆದುಬಿಡಬೇಕು. ಇಲ್ಲದಿದ್ದರೆ ಅದು ಗಾಬರಿಯಾಗುತ್ತದೆ. ಬಾಗಿಲಿನ ಬೋರ್ಡಿನಲ್ಲೂ ಹಾಗೇ ಬರೆದಿತ್ತು. ಗಲ್ಫಿನಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನು ಪಾಲಿಸಿಯೇ ಇಷ್ಟು ವರ್ಷ ಬಾಳಿದವರು ನಾವು. ಹಾಗೇ ಮಾಡಿದೆವು.

ಬೊಗ್ಗು ಗೇಟಿನ ಎದುರು ಕೂತವನು ಸಂಜೆಯವರೆಗೆ ಏಳಲಿಲ್ಲ. ನೀರು ಮುಟ್ಟಲಿಲ್ಲ. ಬೇರೆ ನಾಯಿಗಳು ಹತ್ತಿರ ಬಂದರೆ ತಿರುಗಿಯೂ ನೋಡಲಿಲ್ಲ. ಲಿಂಡಾ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಿದ್ದಳು. ಎಲ್ಲ ಫೋಟೋದಲ್ಲೂ ಅವನ ಬೆನ್ನು. ಸೋಮವಾರ ಅದೇ. ಮಂಗಳವಾರ ಊಳಿಡಲು ಶುರುಮಾಡಿ ಉಳಿದ ನಾಯಿಗಳನ್ನೂ ಕೆಣಕಿದ. ಎಲ್ಲ ನಾಯಿಗಳಿಗೂ ಡೇಕೇರ್ ಆಗಿಬರುವುದಿಲ್ಲ ಎಂದು ಲಿಂಡಾ ಮೆಲ್ಲಗೆ ಹೇಳಿದಳು.

ಆ ಸಂಜೆ ವಸಂತಿ ಶಾಲೆಗೆಂದು ಹೊಲಿಸಿದ ಹತ್ತಿ ಸೀರೆಯ ಬ್ಲೌಸುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಇವ ಅಲ್ಲಿ ನಿಲ್ಲದಿದ್ದರೆ ನಾನು ಕೆಲಸಕ್ಕೆ ಹೋಗುದಿಲ್ಲ. ಇನ್ನೊಬ್ಬರಿಗೆ ಕೊಡುದೂ ಇಲ್ಲ. ಇವನನ್ನು ಒಮ್ಮೆ ಬಿಟ್ಟು ಹೋಗಿ ಆಗಿದೆ."

ಇಸ್ತ್ರಿ ಮಾಡಿದ ಬ್ಲೌಸುಗಳನ್ನು ಮಡಿಚಿ ಕಪಾಟಿನ ಕೆಳಗಿನ ಅರೆಯಲ್ಲಿಟ್ಟಳು. ಅದು ಬೇಡದ ಬಟ್ಟೆ ಇಡುವ ಅರೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ನಮ್ಮವರು ಮನೆಯಿಂದ ಹೊರಡುವಾಗ ಹೋಗುತ್ತೇನೆ ಎನ್ನುವುದಿಲ್ಲ, ಅದು ಅಪಶಕುನ. 'ಪೋದು ಬರ್ಪೆ' ಎನ್ನುತ್ತೇವೆ, ತುಳುವಿನಲ್ಲಿ ಹೋಗಿ ಬರುತ್ತೇನೆ ಎಂದು. ಹಾಲು ತರಲು ಕೆಳಗಿನ ಅಂಗಡಿಗೆ ಹೋದರೂ ವಸಂತಿ ಅದನ್ನು ಹೇಳದೆ ಹೊಸ್ತಿಲು ದಾಟಿದವಳಲ್ಲ. ಮನೆಯಲ್ಲಿ ಬೊಗ್ಗು ಮಾತ್ರ ಇದ್ದರೆ ಬೊಗ್ಗುವಿಗೇ ಹೇಳುತ್ತಿದ್ದಳು. ಹೇಳಿದ ಮೇಲೆ ಅವನು ಹೋಗಿ ಸೋಫಾದ ಕೆಳಗೆ ಮಲಗುತ್ತಿದ್ದನಂತೆ. ಕತ್ತಲೆಯಲ್ಲಿ ಹೊರಟು ಕತ್ತಲೆಯಲ್ಲಿ ಬರುವ ನಾನು ಇದನ್ನೆಲ್ಲ ಕಂಡವನಲ್ಲ.

ಬುಧವಾರ ಹಗ್ಗ ಕೊಟ್ಟು, ನಿಯಮದಂತೆ ಬೆನ್ನು ತಿರುಗಿಸಿ ಕಾರಿನವರೆಗೆ ಬಂದೆವು. ವಸಂತಿ ಬಾಗಿಲಿಗೆ ಕೈ ಹಾಕಿದವಳು ಹಾಗೇ ನಿಂತಳು. "ಹೇಳದೆ ಹೊರಡುದು ಹೇಗೆ ಮಾರಾಯ್ರೆ? ಆ ಇಂಗ್ಲಿಷಿನವನೂ ಹೀಗೇ ಹೋದದ್ದಲ್ವಾ?" ಎಂದು ವಾಪಸು ನಡೆದಳು. ನಾನು ಹಿಂದಿನಿಂದ ಬೋರ್ಡು ತೋರಿಸಿದೆ, ಅವಳು ನೋಡಲಿಲ್ಲ. ಗೇಟಿನ ಸರಳುಗಳ ಎದುರು ಕೂತು, ಅವನ ಕಿವಿಯ ಹತ್ತಿರ ಬಾಯಿ ತಂದು, "ಬೊಗ್ಗು, ಪೋದು ಬರ್ಪೆ" ಎಂದಳು.

ಅವನು ಸ್ವಲ್ಪ ಹೊತ್ತು ಅವಳ ಮುಖ ನೋಡಿದ. ಆಮೇಲೆ ಎದ್ದು, ಮೈ ಕೊಡವಿ, ಒಳಗೆ ನಡೆದ. ಮಧ್ಯಾಹ್ನ ಬಂದ ಫೋಟೋದಲ್ಲಿ ಮೊದಲ ಸಲ ಮುಖವಿತ್ತು, ಮೂತಿಯ ಮೇಲೆ ಒಂದು ಅನ್ನದ ಅಗುಳೂ ಇತ್ತು.

ಇದು ಕಾಕತಾಳೀಯ ಎಂಬುದು ಲಿಂಡಾಳ ವಾದ. ಮೂರು ದಿನ ಕಳೆದರೆ ಹೆಚ್ಚಿನ ನಾಯಿಗಳು ಹೊಂದಿಕೊಳ್ಳುತ್ತವಂತೆ. ಇರಬಹುದು, ನಾನು ವಾದಕ್ಕೆ ಹೋಗುವುದಿಲ್ಲ. ಗುರುವಾರ ಅವನನ್ನು ಸೇರಿಸಿಕೊಂಡಳು. ಕಪಾಟಿನ ಕೆಳಗಿನ ಅರೆಯಿಂದ ಬ್ಲೌಸುಗಳು ಮೇಲೆ ಬಂದವು. ಬೋರ್ಡು ಬದಲಾಗಲಿಲ್ಲ, ಆದರೆ ವಸಂತಿ ಅವನನ್ನು ಬಿಡುವ ಹೊತ್ತಿಗೆ ಲಿಂಡಾ ಆ ಕಡೆ ತಿರುಗಿ ಏನಾದರೂ ಹುಡುಕುತ್ತಿದ್ದಳಂತೆ. ವಸಂತಿಗೆ ಜ್ವರ ಬಂದ ದಿನ ನಾನೇ ಹೋಗಬೇಕಾಯಿತು. ಸುತ್ತ ಬಿಳಿಯರು ಮೌನವಾಗಿ ಹಗ್ಗ ಕೊಟ್ಟು ನಡೆಯುತ್ತಿರುವಾಗ, ಆಫೀಸಿನ ಗುರುತಿನ ಚೀಟಿ ಕುತ್ತಿಗೆಗೆ ತೂಗಿಕೊಂಡ ನಾನು ಗೇಟಿಗೆ ಬಗ್ಗಿ ನಾಯಿಗೆ ತುಳುವಿನಲ್ಲಿ ವರದಿ ಒಪ್ಪಿಸಿದೆ. ಮೊದಲ ಸಲ ದನಿ ಏಳಲಿಲ್ಲ. ಬೊಗ್ಗು ಕದಲಲೂ ಇಲ್ಲ. ಗಟ್ಟಿಯಾಗಿ ಹೇಳಿದ ಮೇಲೆಯೇ ಅವನು ನನ್ನನ್ನು ಬಿಟ್ಟದ್ದು.

ಕೊನೆಗೆ ಅವನಿಗೆ ವಯಸ್ಸಾಯಿತು. ಮೂತಿ ಬೆಳ್ಳಗಾಯಿತು, ಹಿಂಗಾಲು ಎಳೆಯತೊಡಗಿತು, ಆಮೇಲೆ ಏಳಲೇ ಇಲ್ಲ. ನೋವು ತಡೆಯುವಂತಿಲ್ಲ, ಇಂಜೆಕ್ಷನ್ ಕೊಟ್ಟುಬಿಡುವುದೇ ಒಳ್ಳೆಯದು ಎಂದರು ಡಾಕ್ಟರು. ನೀವು ಹೊರಗೆ ಕೂರಬಹುದು, ಬಹಳ ಮಂದಿ ಹಾಗೇ ಮಾಡುತ್ತಾರೆ ಎಂದೂ ಹೇಳಿದರು. ನಾನು ಏಳಲು ಹೊರಟೆ. ವಸಂತಿ ನನ್ನ ಅಂಗಿ ಹಿಡಿದು ಕೂರಿಸಿದಳು.

"ಹೊರಗೆ ಹೋಗುದಾದರೆ ಹೇಳಿ ಹೋಗ್ಬೇಕು. ಇವತ್ತು ಹೇಳಿದರೆ ಸುಳ್ಳಾಗ್ತದೆ."

ಹಾಗಾಗಿ ನಾವಿಬ್ಬರೂ ಎಲ್ಲಿಗೂ ಹೋಗಲಿಲ್ಲ. ಅವನ ತಲೆ ಅವಳ ಮಡಿಲಲ್ಲಿತ್ತು. ಅವನು ಬಾಗಿಲಿನ ಕಡೆ ಒಮ್ಮೆಯೂ ನೋಡಲಿಲ್ಲ. ನಾನು ಅತ್ತೆ.

ಸಂಜೆ ನಿಶಾಂತ್ ಬಂದ, ಕಂಕುಳಲ್ಲಿ ಮರಿ. ಲಸಿಕೆಯ ಕಾರ್ಡು ಇಟ್ಟುಕೊಳ್ಳಬೇಕು, ಮೊದಲ ವಾರ ಊಟ ಬಿಡಬಹುದು, ಮನೆಗೆ ಬಂದಾಗ ಸುಸ್ತಾಗಿ ನಿಮ್ಮನ್ನು ಮೂಸಿಯೂ ನೋಡದಿರಬಹುದು, ಅದಕ್ಕೆ ಬೇಸರ ಮಾಡಬಾರದು ಎಂದೆಲ್ಲ ಹೇಳಿದೆ. ಬಂಗುಡೆ ಬೇಡ ಎಂದೂ ಹೇಳಿದೆ. ವಸಂತಿ ಶಾಲೆಯಿಂದ ತಂದ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಳು. ಹೊರಡುವಾಗ ಅವನು ಬಾಗಿಲಿನಲ್ಲಿ ನಿಂತು ಕೇಳಿದ: "ಬಿಟ್ಟು ಬರುವಾಗ ಎಂತ ಹೇಳ್ಲಿಕ್ಕಿಲ್ಲ ಅಂತ ಅಲ್ಲಿಯವರು ಹೇಳಿದ್ದಾರೆ. ಹೌದಾ ಅಂಕಲ್?"

ವಸಂತಿಯ ಪೆನ್ನು ನಿಂತಿತು. ನಾನೇ ಉತ್ತರ ಕೊಟ್ಟೆ.

"ಹೇಳಿಯೇ ಬಾ. ಹೇಳಿದ ಮೇಲೆ ಮಾತ್ರ ವಾಪಸು ಬರ್ಲೇಬೇಕು."