ಮಲಗಿಸಿಟ್ಟ ಬಾಟಲಿಗಳು

ಇವತ್ತು ಬೆಳಿಗ್ಗೆ ಮಾಡಿದ್ದು: ಬಾಲ್ಕನಿಯ ಮರಳು ಗುಡಿಸಿದೆ, ನೀರಿನ ಕ್ಯಾನ್ ಬದಲಿಸಿದೆ, ಹೆಂಡತಿಗೆ ಬಿಪಿ ಮಾತ್ರೆ ತಂದೆ, ಕುಸೈಸಿನಲ್ಲಿರುವ ಕಂಪನಿಯ ಗೋದಾಮು ತೆರೆದು ಎಸಿ ಸರಿ ಇದೆಯೇ ನೋಡಿದೆ. ಅಷ್ಟರಲ್ಲಿ, ನಮಗೆ ವೈನ್ ಕಳಿಸಿದ್ದ ಇಟಲಿಯ ಹೆಂಗಸು ಬಂದರು.

ನಮ್ಮ ಕಂಪನಿ ಹೋಟೆಲುಗಳಿಗೆ ವೈನ್ ತರಿಸಿಕೊಡುತ್ತದೆ. ಗೋದಾಮು ನೋಡಿಕೊಳ್ಳುವವನು ನಾನು. ಆ ಹೆಂಗಸಿನದು ಗುಡ್ಡದ ಮೇಲಿನ ಸಣ್ಣ ದ್ರಾಕ್ಷಿ ತೋಟ, ಮನೆಮಂದಿಯದೇ ಕೆಲಸ. ಅಜ್ಜನ ಕಾಲದ ಹಾಗೆಯೇ ಮರದ ಪೀಪಾಯಿಯಲ್ಲಿ ಹುಳಿಬರಿಸಿ, ಸೋಸದೆ ಬಾಟಲಿಗೆ ತುಂಬುತ್ತಾರೆ. ತಳದಲ್ಲಿ ಮಡ್ಡಿ ನಿಲ್ಲುತ್ತದೆ. ಅವರ ತಮ್ಮನಿಗೆ ಇದೆಲ್ಲ ಸಾಕಾಗಿದೆ. ಮಡ್ಡಿಯ ವೈನನ್ನು ಹೊರಗಿನವರು ಯಾರು ಕೊಳ್ಳುತ್ತಾರೆ, ಸೋಸುವ ಯಂತ್ರ ಹಾಕೋಣ ಎನ್ನುತ್ತಾನೆ. ಅಬುಧಾಬಿಯ ಹೋಟೆಲೊಂದು ಕೊಂಡರೆ ಅಕ್ಕ ಹೇಳಿದಂತೆ, ಕೊಳ್ಳದಿದ್ದರೆ ತಮ್ಮ ಹೇಳಿದಂತೆ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಹೋಟೆಲಿನವನಿಗೆ ರುಚಿ ತೋರಿಸುವುದು ಇವತ್ತೇ ಸಂಜೆ.

ಅವರು ಕಪಾಟಿನಲ್ಲಿದ್ದ ತಮ್ಮ ಬಾಟಲಿಗಳ ಎದುರು ನಿಂತರು.

"ಯಾರು ಮಲಗಿಸಿದ್ದು?"

"ನಾನೇ."

ಕಾರ್ಕ್ ಒಣಗಬಾರದೆಂದು ನಾವು ವೈನ್ ಬಾಟಲಿಗಳನ್ನು ಮಲಗಿಸಿಯೇ ಇಡುವುದು. ಪೆಟ್ಟಿಗೆಯ ಮೇಲಿದ್ದ ಮೇಲ್ಮುಖ ಬಾಣದ ಗುರುತು ಹಡಗಿನ ಪ್ರಯಾಣಕ್ಕೆ ಮಾತ್ರ ಎಂದುಕೊಂಡಿದ್ದೆ. ಮಡ್ಡಿ ಬಾಟಲಿಯ ಉದ್ದಕ್ಕೂ ಹರಡಿತ್ತು. ಈಗ ನಿಲ್ಲಿಸಿದರೂ ತಿಳಿಯಾಗಲು ದಿನಗಳೇ ಬೇಕಂತೆ. ಊರಲ್ಲಿ ಅಮ್ಮ ಕ್ರಿಸ್ಮಸ್ಸಿಗೆ ವೈನಿನ ಭರಣಿ ಇಟ್ಟ ಕೋಣೆಯಲ್ಲಿ, ಮಡ್ಡಿ ಕದಡೀತೆಂದು, ನಮ್ಮನ್ನು ಓಡಲೂ ಬಿಡುತ್ತಿರಲಿಲ್ಲ. ನನಗೆ ಹೊಳೆಯಬೇಕಿತ್ತು.

"ನಾಳೆಗೆ ಹಾಕೋಣವೇ?" ಎಂದೆ.

"ನಾಳೆ ಹೋಟೆಲಿನವನು ರಜೆ ಮೇಲೆ ಹೋಗುತ್ತಾನೆ."

ಮಧ್ಯಾಹ್ನದವರೆಗೆ ನಾಲ್ಕು ಬಾಟಲಿಗಳನ್ನು ತಣ್ಣಗೆ ನಿಲ್ಲಿಸಿಟ್ಟು ಹೊರಟೆವು. ಅವರು ವ್ಯಾನಿನಲ್ಲಿ ಬಾಟಲಿಗಳನ್ನು ಮೊಣಕಾಲುಗಳ ನಡುವೆ ನೆಟ್ಟಗೆ ಹಿಡಿದು ಕೂತರು. ಉಬ್ಬು ಬಂದಲ್ಲೆಲ್ಲ ವ್ಯಾನನ್ನು ತೆವಳಿಸಿದೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು.

"ತುಂಬು ಬಸುರಿಯನ್ನು ಕೂರಿಸಿಕೊಂಡ ಹಾಗೆ ಓಡಿಸುತ್ತೀರಿ," ಎಂದರು. ನಗಲಿಲ್ಲ.

ಅಬುಧಾಬಿಯ ಖಾಲಿದಿಯಾದ ಹೋಟೆಲಿನಲ್ಲಿ ಖರೀದಿಯವನು ಗ್ಲಾಸನ್ನು ಬೆಳಕಿಗೆ ಹಿಡಿದ. ಅಕ್ಕಿ ತೊಳೆದ ನೀರಿನಂತೆ ಮಸುಕಾಗಿತ್ತು.

"ಮೇಡಂ, ಇದು ಹಾಳಾಗಿದೆಯಾ?"

"ಇಲ್ಲ. ಮಲಗಿಸಿ ಇಟ್ಟಿದ್ದೆವು, ನಮ್ಮ ತಪ್ಪು," ಎಂದು ತಮಗೂ ಒಂದು ಗ್ಲಾಸ್ ಸುರಿದುಕೊಂಡರು. ನನ್ನ ಕಡೆ ನೋಡಲಿಲ್ಲ.

ಅವನು ಕುಡಿದ. ಮತ್ತೊಮ್ಮೆ ಸುರಿಸಿಕೊಂಡು ಕುಡಿದ.

"ರುಚಿಗೇನೂ ಮೋಸ ಇಲ್ಲ. ಆದರೆ ಗಿರಾಕಿ ಗ್ಲಾಸ್ ವಾಪಸ್ ಕಳಿಸಿದರೆ? ರಜೆಯಲ್ಲಿದ್ದರೂ ಸೋಮವಾರ ಫೋನ್ ಮಾಡ್ತೇನೆ."

ಹಿಂದಿರುಗುವಾಗ ಅವರು ತಮ್ಮನಿಗೆ ಫೋನ್ ಮಾಡಿದರು. ಭಾಷೆ ತಿಳಿಯದಿದ್ದರೂ ದನಿ ಏರಿದ್ದು, ಇಳಿದದ್ದು ತಿಳಿಯಿತು.

"ಸೋಮವಾರದವರೆಗೆ ಕಾಯುತ್ತಾನಂತೆ," ಎಂದರು. "ಯಂತ್ರದ ಬಣ್ಣ ಮಾತ್ರ ಆಗಲೇ ಆರಿಸಿದ್ದಾನೆ."

ಅವರನ್ನು ಇಳಿಸಿ ಗೋದಾಮಿಗೆ ಹೋಗಿ, ಉಳಿದ ಬಾಟಲಿಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸಿದೆ.

ಮನೆಗೆ ಬಂದಾಗ ಬಾಗಿಲು ತೆಗೆದ ಹೆಂಡತಿ, "ಎಂತ ಮಾರಾಯ್ರೆ, ನಿಮ್ಮದೇ ತೋಟ ಹೋದ ಹಾಗುಂಟು ಮುಖ," ಎಂದಳು. ನಡೆದದ್ದನ್ನೆಲ್ಲ ಹೇಳಿದೆ.

"ಅವ್ರಿಗೆ ಸಿಟ್ಟು ಬರ್ಲಿಲ್ವಾ?"

"ಬೈದಿದ್ದರೆ ಒಳ್ಳೆದಿತ್ತು."

"ಉಳಿದದ್ದು ನಿಲ್ಸಿ ಬಂದ್ರಲ್ಲ, ಖಲಾಸ್. ಸೋಮವಾರದ್ದು ಸೋಮವಾರ. ಕೈ ತೊಳೀರಿ."

ಕುಚ್ಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ, ಅಲಸಂಡೆ ಪಲ್ಯ. ನಾನು ಅರ್ಧಕ್ಕೇ ಎದ್ದೆ. ಉಳಿದದ್ದನ್ನು ಅವಳೇ ತಿಂದಳು, ಮೊದಲು ನಿದ್ದೆ ಹೋದವಳೂ ಅವಳೇ.