ಜೇನು ತೆಗೆಯುವವರ ಬೆಂಕಿಪೊಟ್ಟಣ

ಎಪ್ಪತ್ತರ ದಶಕದಲ್ಲಿ ಕಾರ್ಕಳದ ಯಾರ ಮನೆಯ ಗೋಡೆಯಲ್ಲಿ ತುಡುವೆ ಜೇನು ಕೂತರೂ ಜೇನು ತೆಗೆಯುವ ಒಬ್ಬರನ್ನೇ ಕರೆಯುತ್ತಿದ್ದರು. ತೊಡೆಯ ಮೇಲೆ ಖಾಲಿ ಮರದ ಪೆಟ್ಟಿಗೆ ಇಟ್ಟುಕೊಂಡು ಹೆಬ್ರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು.

ನಮ್ಮ ಮನೆಗೆ ಬಂದ ದಿನ ಅಪ್ಪ ಸೀಮೆಎಣ್ಣೆ ತೋರಿಸಿದರು. "ಇದನ್ನು ಸುರಿದರೆ ಮುಗೀತಲ್ವಾ?"

"ಮುಗೀತದೆ ಮಾರಾಯ್ರೆ. ಆದರೆ ಹೂವಿಗೆ ಹೋದವರು ಉಂಟಲ್ಲ? ಎಲ್ಲರೂ ಬರಲಿ." ಹೋದಲ್ಲೆಲ್ಲ ಅವರದು ಇದೇ ಮಾತು.

ಗೋಡೆಯೊಳಗಿನ ಮೇಣದ ಎರಿಗಳನ್ನು ಬರಿಗೈಯಲ್ಲೇ ಬಿಡಿಸಿ, ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ ಪೆಟ್ಟಿಗೆಗೆ ಇಳಿಸಿದರು. ರಾಣಿ ಒಳಗೆ ಹೋದದ್ದೇ ಉಳಿದವೂ ಹಿಂದೆಯೇ ನಡೆದವು. ಸಂಜೆ ಜೋರು ಮಳೆ ಬಂತು. ಕಾದು ಕಾದು, ಕೊನೆಯ ಬಸ್ಸಿನ ಹೊತ್ತಿಗೆ ಪೆಟ್ಟಿಗೆಯ ಬಾಯಿ ಮುಚ್ಚಿ ಒಲ್ಲದ ಮನಸ್ಸಿನಿಂದ ಹೊರಟರು.

ಮರುದಿನ ಬೆಳಿಗ್ಗೆ ಅಪ್ಪ ಗೋಡೆಯ ತೂತು ಮುಚ್ಚಲು ಸಿಮೆಂಟು ಕಲಸುತ್ತಿದ್ದಾಗ ಅವರು ಮತ್ತೆ ಅಂಗಳದಲ್ಲಿದ್ದರು. ತೂತಿನ ಬಳಿ ಏಳೆಂಟು ಹುಳ ಸುತ್ತುತ್ತಿದ್ದವು. "ನಿನ್ನೆ ಮಳೆಗೆ ಸಿಕ್ಕಿಬಿದ್ದವರು," ಎನ್ನುತ್ತ ಒಂದೊಂದನ್ನೇ ಬೆಂಕಿಪೊಟ್ಟಣಕ್ಕೆ ಸೇರಿಸಿ ಅಂಗಿಯ ಜೇಬಿಗಿಟ್ಟುಕೊಂಡರು.

"ಏಳೆಂಟು ಹುಳಕ್ಕೆ ಹೆಬ್ರಿಯಿಂದ ಬಂದದ್ದಾ?" ಎಂದು ನಗಲು ಹೊರಟ ಅಪ್ಪ ಅವರ ಮುಖ ನೋಡಿ ಸಿಮೆಂಟು ಕಲಸುವುದನ್ನು ನಿಲ್ಲಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ಇನ್ನು ಯಾರಾದರೂ ಬರಲಿಕ್ಕೆ ಉಂಟಾ?"

"ಹೇಳಲಿಕ್ಕಾಗುದಿಲ್ಲ. ಮಧ್ಯಾಹ್ನದವರೆಗೆ ನೋಡುವ."

ಕಲಸಿಟ್ಟ ಸಿಮೆಂಟು ಬಾಲ್ದಿಯಲ್ಲೇ ಗಟ್ಟಿಯಾಯಿತು.